ಮೂಲೆ ಬಿಟ್ಟ ಕೌದಿ

ಅವಳು ಕಟ್ಟೆಯ ಮೇಲೆ ನಿಂತಿದ್ದಳೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ನಿಂತಿದ್ದಳು ಎಂದೇ ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಓಣಿಯ ಬೇವಿನ ಗಿಡದ ಕಟ್ಟೆ, ಎದುರಿಗೆ ಕೂತ ಹಿರಿಯರು, ಎದೆಗೆ ಅವಚಿಕೊಂಡ ಕೂಸು, ಮೇಲೆ ಬಿಸಿಲು. ಕಣ್ಣು ಮುಚ್ಚಿದರೆ ಇವತ್ತಿಗೂ ಕಾಣುತ್ತದೆ. ಅಷ್ಟು ಸ್ಪಷ್ಟವಾಗಿ ಕಾಣುವುದೇ ನನ್ನ ಅನುಮಾನಕ್ಕೆ ಕಾರಣ. ನಾನು ನಿಜವಾಗಿ ಕಂಡ ಸಂಗತಿಗಳು ಯಾವುವೂ ಇಷ್ಟು ಅಚ್ಚುಕಟ್ಟಾಗಿ ನೆನಪಿನಲ್ಲಿ ಉಳಿದಿಲ್ಲ.

ಅದು ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಬೈಲಹೊಂಗಲದ ಒಂದು ಕಾಲೇಜಿಗೆ ಪಾಠ ಹೇಳಲು ಬಂದಿದ್ದೆ. ಆ ವರ್ಷ ಬಿ.ಎ. ತರಗತಿಗೆ ಅಮೆರಿಕದ ಹಳೆಯ ಕಾದಂಬರಿಯೊಂದು ಪಠ್ಯವಾಗಿತ್ತು. ಕಟ್ಟುನಿಟ್ಟಿನ ಧರ್ಮದ ಒಂದು ಊರು; ಗಂಡ ದೂರವಿರುವಾಗ ಕೂಸು ಹೆತ್ತ ಒಬ್ಬ ಹೆಂಗಸು. ಅವಳನ್ನು ಕೂಸಿನ ಸಮೇತ ಊರ ನಡುವೆ ಎತ್ತರದ ಜಾಗದಲ್ಲಿ ನಿಲ್ಲಿಸುತ್ತಾರೆ. ಎದೆಯ ಮೇಲೆ ಕೆಂಪು ಅಕ್ಷರವೊಂದನ್ನು ತೊಟ್ಟುಕೊಂಡೇ ಬದುಕಬೇಕೆಂದು ವಿಧಿಸುತ್ತಾರೆ. ಆ ಗಂಡಸು ಯಾರೆಂದು ಎಷ್ಟು ಕೇಳಿದರೂ ಅವಳು ಹೇಳುವುದಿಲ್ಲ. ಅದೇ ವರ್ಷ, ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯಲ್ಲಿ, ಹೆಚ್ಚುಕಡಿಮೆ ಅದೇ ನಡೆಯಿತು. ಹಗಲು ಅದನ್ನು ಪಾಠ ಹೇಳಿ ಸಂಜೆ ಇದನ್ನು ನೋಡುತ್ತಿದ್ದೆ. ಈಗ ಯಾವುದು ಪುಸ್ತಕದ್ದು, ಯಾವುದು ಓಣಿಯದ್ದು ಎಂದು ಬೇರೆ ಮಾಡಲು ಕೂತರೆ ಎರಡೂ ಒಂದರೊಳಗೊಂದು ಸಿಕ್ಕಿಕೊಂಡಿವೆ.

ಆಗ ನನ್ನ ಜೊತೆ ಇತಿಹಾಸ ಪಾಠ ಹೇಳುತ್ತಿದ್ದ ಗೆಳೆಯನೊಬ್ಬ ಈಗ ಧಾರವಾಡದಲ್ಲಿದ್ದಾನೆ. ಅವಳು ದೈವದೆದುರು ಕಟ್ಟೆಯ ಮೇಲೆ ನಿಂತದ್ದು ನೆನಪಿದೆಯೇ ಎಂದು ಅವನನ್ನು ಕೇಳಿದೆ. ನಕ್ಕುಬಿಟ್ಟ.

"ಹುಚ್ಚ ಹಿಡದೈತೇನ ನಿನಗ? ಹಿರ್ಯಾರು ನ್ಯಾಯಕ್ಕ ಕುಂತಲ್ಲಿ ಹೆಂಗಸರನ್ನ ಯಾರ ಕರೀತಿದ್ರೋ? ಅಕಿ ಮನ್ಯಾಗ ಇದ್ಲು, ಅಕಿ ಮಾತ ಅಷ್ಟ ಬಂತು. ಆ ಕಾದಂಬರಿ ನಿನ್ನ ತಲ್ಯಾಗ ಹೊಕ್ಕು ಕುಂತೈತಿ, ಇನ್ನೂ ಹೊರಗ ಬಂದಿಲ್ಲ."

ಇರಬಹುದು. ಹಾಗಾದರೆ ನನಗೆ ನೆನಪಿರುವ ಅವಳ ದನಿ ಯಾರದು?

ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. ಪಕ್ಕದ ಮನೆಯ ಆ ಹೆಂಗಸು ರಾಮದುರ್ಗದ ನೇಕಾರರ ಮನೆಯ ಮಗಳು. ಮದುವೆಯಾಗಿ ಬೈಲಹೊಂಗಲಕ್ಕೆ ಬಂದವಳು. ಗಂಡ ಇಚಲಕರಂಜಿಯ ಮಗ್ಗದ ಕೆಲಸಕ್ಕೆಂದು ಹೋದವನು ಮರಳಿರಲಿಲ್ಲ. ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ ಎನ್ನುವವರು ಕೆಲವರು, ಸತ್ತಿದ್ದಾನೆ ಎನ್ನುವವರು ಕೆಲವರು. ಇವಳು ಹಣೆಯ ಕುಂಕುಮ ತೆಗೆದಿರಲಿಲ್ಲ. ಕೌದಿ ಹೊಲಿದು ಬದುಕುತ್ತಿದ್ದಳು.

ಕೌದಿ ಅಂಗಡಿಯಲ್ಲಿ ಕೊಳ್ಳುವ ವಸ್ತುವಲ್ಲ. ಮನೆಯ ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಹಚ್ಚಿ, ಒತ್ತೊತ್ತಾಗಿ ಹೊಲಿದರೆ ಕೌದಿ. ತೀರಿಕೊಂಡ ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ಮದುವೆಯಾಗಿ ಹೋದ ಮಗಳ ಲಂಗ ಎಲ್ಲ ಅದರೊಳಗೆ ಇರುತ್ತವೆ. ಹೊದ್ದು ಮಲಗಿದರೆ ಮನೆಯವರೆಲ್ಲ ಮೈಮೇಲೆ ಇದ್ದಂತೆ. ಆ ಬೇಸಿಗೆಯಲ್ಲಿ ಓಣಿಯ ಬಹುತೇಕ ಮನೆಗಳ ಬಟ್ಟೆಗಳು ಅವಳ ಪಡಸಾಲೆಯಲ್ಲಿ ಗಂಟುಗಂಟಾಗಿ ಬಿದ್ದಿದ್ದವು. ಚಳಿಗಾಲಕ್ಕೆ ಮುಗಿಸಿ ಕೊಡುವುದೆಂದು ಮಾತು. ನನ್ನದೂ ಒಂದು ಗಂಟು ಇತ್ತು. ಕಿತ್ತೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಅವ್ವ ತನ್ನ ಹಳೆಯ ಸೀರೆಗಳನ್ನು ಕಳಿಸಿದ್ದಳು. ಅವ್ವನೇ ಹೊಲಿಯಬಹುದಿತ್ತು, ಆದರೆ ಅವಳು ಎಡಗೈಯವಳು. ಅವಳ ಹೊಲಿಗೆ ಎಲ್ಲರದಕ್ಕಿಂತ ಉಲ್ಟಾ ಓರೆಯಾಗುತ್ತಿತ್ತು. ಚಿಕ್ಕಂದಿನಿಂದ ಅದಕ್ಕೆ ಬೈಸಿಕೊಂಡು ಬೈಸಿಕೊಂಡು ಸೂಜಿ ಹಿಡಿಯುವುದನ್ನೇ ಬಿಟ್ಟಿದ್ದಳು.

ಮಳೆಗಾಲದಲ್ಲಿ ಪಕ್ಕದ ಮನೆಯವಳ ಬಸಿರು ಕಾಣತೊಡಗಿತು. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಬಸುರಿ ಹೆಂಗಸಿಗೆ ನೋಯುವ ಮಾತು ಆಡಬಾರದೆಂದು ಓಣಿಯ ಹಿರಿಯರ ಮನೆಯ ಮುದುಕಿ ತಾಕೀತು ಮಾಡಿದ್ದಳಂತೆ. ಅವಳ ಮಗ ಹತ್ತಿ ದಲಾಲಿ ಅಂಗಡಿಯ ಯಜಮಾನ. ಓಣಿಯ ಹಿರಿಯರಲ್ಲಿ ಮೊದಲನೆಯವನು. ಮಗನ ಮಾತು ಓಣಿಯಲ್ಲಿ ನಡೆಯುತ್ತಿತ್ತು, ಆಯಿಯ ಮಾತು ಮನೆಯಲ್ಲಿ. ಎಲ್ಲರೂ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು.

ದಸರೆಯ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣುಕೂಸು. ಅಲ್ಲಿಗೆ ಬಸುರಿಯ ರಕ್ಷೆ ಮುಗಿಯಿತು. ಹಿರಿಯರು ಸೇರಿದರು. ನಮ್ಮ ಕಡೆ ಹೀಗೆ ನ್ಯಾಯ ಹೇಳಲು ಸೇರಿದ ಹಿರಿಯರ ಗುಂಪಿಗೆ ದೈವ ಎನ್ನುತ್ತಾರೆ. ಕೇಳಿದ್ದು ಒಂದೇ ಪ್ರಶ್ನೆ.

"ಅವ ಯಾರು, ಹೆಸರ ಹೇಳು. ಹೇಳಿದ್ರ ಕೂಸಿಗೆ ಹೆಸರ ಇಡಸ್ತೇವಿ."

ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡಲು ಐದು ಮಂದಿ ಮುತ್ತೈದೆಯರು ಬೇಕು. ಅವರು ತೊಟ್ಟಿಲು ತೂಗಿ, ಹಾಡಿ, ಕಿವಿಯಲ್ಲಿ ಹೆಸರು ಕರೆದರೆ ಮಾತ್ರ ಅದು ಹೆಸರು. ಹಿರಿಯರು ಬೇಡವೆಂದರೆ ಓಣಿಯ ಯಾವ ಮುತ್ತೈದೆಯೂ ಹೋಗುವಂತಿಲ್ಲ. ಅವಳು ಕೊಟ್ಟ ಉತ್ತರ ನನಗೆ ಅವಳ ದನಿಯಲ್ಲೇ ನೆನಪಿದೆ.

"ಒಂದ ಹೆಸರ ಕೊಟ್ಟು ಇನ್ನೊಂದ ಹೆಸರ ತಗೊಳಾಕ ಇದೇನ ಸಂತೀನ್ರಿ?"

ದೈವ ತೀರ್ಪು ಹೇಳಿ ಎದ್ದಿತು. ಅವಳ ಮನೆಯ ನೀರು ಯಾರೂ ಕುಡಿಯಬಾರದು, ಅವಳ ಕೈಯಿಂದ ಯಾರೂ ಏನೂ ಇಸಿದುಕೊಳ್ಳಬಾರದು, ಕೂಸಿನ ತೊಟ್ಟಿಲಿಗೆ ಯಾರೂ ಹೋಗಬಾರದು. ಸವದತ್ತಿಯ ಗುಡ್ಡಕ್ಕೆ ಹೋಗಿ ಎಲ್ಲಮ್ಮನ ಮುಂದೆ ತಪ್ಪೊಪ್ಪಿಕೊಂಡು, ಬಂದು ಹೆಸರು ಹೇಳುವವರೆಗೆ ಇದೇ ಕಟ್ಟು.

ಇಷ್ಟರಲ್ಲಿ ನಾನು ಕಾದಂಬರಿಯ ಮೊದಲ ಅಧ್ಯಾಯಗಳನ್ನು ಮುಗಿಸಿದ್ದೆ. ಪಾಪ, ಶಿಕ್ಷೆ, ಅಂತಃಸಾಕ್ಷಿ, ಒಂಟಿ ಹೆಣ್ಣಿನ ಧೈರ್ಯ. ಧಾರವಾಡದಲ್ಲಿ ಬರೆದುಕೊಂಡಿದ್ದ ಟಿಪ್ಪಣಿಯನ್ನೇ ಹೇಳುತ್ತಿದ್ದೆ. ಆ ತರಗತಿಯಲ್ಲಿ ಇದ್ದ ಕೆಲವೇ ಹುಡುಗಿಯರಲ್ಲಿ ಒಬ್ಬಳು, ಮನೋಳಿಯ ಕಡೆಯವಳು, ಎದ್ದು ನಿಂತಳು.

"ಸರ್, ಆ ಊರಾಗಿನ ಬ್ಯಾರೆ ಹೆಂಗಸರು ಆವಾಗ ಏನ್ ಮಾಡಾಕ ಹತ್ತಿದ್ರು?"

"ಜನದ ನಡುವೆ ನಿಂತಿದ್ದರು. ಗಂಡಸರಿಗಿಂತ ಕಠೋರವಾಗಿ ಮಾತಾಡುತ್ತಿದ್ದರು."

"ಅದ ಗೊತ್ತಾತ್ರಿ ಸರ್. ಆಮ್ಯಾಲೆ? ಅಕಿ ಹಂತ್ಯಾಕ ಯಾರೂ ಹೋಗಲೇ ಇಲ್ಲೇನ್ರಿ?"

ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಎಂದಿರಬೇಕು. ಆ ಹುಡುಗಿ ಕೇಳಿದಳು ಎಂಬುದು ಮಾತ್ರ ನಿಜ. ಅಥವಾ ಆ ಪ್ರಶ್ನೆ ಆಮೇಲೆ ನನಗೇ ಹೊಳೆದು, ಅದನ್ನು ಅವಳ ಬಾಯಲ್ಲಿ ಇಟ್ಟೆನೋ? ಇಷ್ಟು ವರ್ಷವಾದ ಮೇಲೆ ಅದನ್ನೂ ಆಣೆಮಾಡಿ ಹೇಳಲಾರೆ.

ಓಣಿಯಲ್ಲಿ ಗಂಡಸಿನ ಹುಡುಕಾಟ ನಡೆದಿತ್ತು. ಮದುವೆಯಾಗದವನು, ಹೊರಗಿನಿಂದ ಬಂದವನು, ಗೋಡೆಗೆ ಗೋಡೆ ಹತ್ತಿಕೊಂಡ ಕೋಣೆಯಲ್ಲಿ ಇರುವವನು ನಾನು. ಬಸ್ ಸ್ಟ್ಯಾಂಡಿನ ಎದುರಿನ ಚಹಾದ ಅಂಗಡಿಯಲ್ಲಿ ಒಬ್ಬ ಶುರು ಮಾಡಿದ.

"ಏನ್ರಿ ಮಾಸ್ತರ, ನಿಮ್ಮ ಕೌದೀನೂ ಅಕಿ ಮನ್ಯಾಗ ಐತಂತಲ್ಲ?"

"ಹೌದ್ರಿ. ನಮ್ಮ ಅವ್ವನ ಸೀರಿ ಕೊಟ್ಟೇನಿ."

"ಸೀರಿ ಕೊಟ್ರಿ, ಭಾಳ ಛಲೋ ಆತು. ಮತ್ತೇನೇನ ಕೊಟ್ರಿ?"

ಅಂಗಡಿ ತುಂಬ ನಗು. ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. ಓದುವವರಿಗೂ ಈಗ ಅದೇ ಪ್ರಶ್ನೆ ಇರಬಹುದು. ಅದು ನಾನಲ್ಲ. ನನ್ನ ನೆನಪನ್ನು ಎಲ್ಲ ಕಡೆಯಿಂದ ಅಲುಗಾಡಿಸಿ ನೋಡುವ ಚಟ ನನಗಿದೆ, ಆದರೆ ಈ ಒಂದು ವಿಷಯದಲ್ಲಿ ಅಲುಗಾಡಿಸಲು ಏನೂ ಇಲ್ಲ. ಅವಳ ಜೊತೆ ನಾನಾಡಿದ ಮಾತೆಲ್ಲ ಸೇರಿಸಿದರೂ ಒಂದು ಪುಟವಾಗುವುದಿಲ್ಲ. ಯಾರಾಗಿದ್ದ ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ದೀಪಾವಳಿಯ ನಂತರ ಅವಳು ಕೂಸನ್ನು ಕಟ್ಟಿಕೊಂಡು ಸವದತ್ತಿಯ ಬಸ್ಸು ಹತ್ತಿದಳು. ಸೋತಳು, ಇನ್ನು ಬಂದು ಹೆಸರು ಹೇಳುತ್ತಾಳೆ ಎಂದು ಓಣಿ ಕಾದಿತು. ಅವಳು ಗುಡ್ಡದಿಂದ ನೇರ ಮರಳಲಿಲ್ಲ. ರಾಮದುರ್ಗದ ತವರಿಗೆ ಹೋಗಿ, ಮಗ್ಗದಲ್ಲಿ ಉಳಿದ ದಪ್ಪ ಕೆಂಪು ದಾರದ ಲಡಿಗಳನ್ನು ಹೊತ್ತುಕೊಂಡು ಬಂದಳು. ಕೆಂಪೇ ಆಗಿತ್ತೇ? ಇಲ್ಲಿಯೂ ನನಗೆ ಅನುಮಾನ. ಕೌದಿಯನ್ನು ಸಾಮಾನ್ಯವಾಗಿ ಬಿಳಿ ದಾರದಲ್ಲಿ ಹೊಲಿಯುತ್ತಾರೆ. ಕೆಂಪು ಕಾದಂಬರಿಯ ಬಣ್ಣ. ಪುಸ್ತಕದ ಬಣ್ಣ ನನ್ನ ನೆನಪಿನ ಮೇಲೆ ಸೋರಿರಬಹುದೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ದಲಾಲಿ ಅಂಗಡಿಯ ಯಜಮಾನ ಅವಳ ಮನೆಯ ಮುಂದೆ, ಹೊಸ್ತಿಲಿನಿಂದ ದೂರ ನಿಂತು ಕೇಳಿದ್ದನ್ನು ನನ್ನ ಕಿಟಕಿಯಿಂದಲೇ ಕೇಳಿಸಿಕೊಂಡೆ.

"ಗುಡ್ಡಕ್ಕ ಹೋಗಿ ಬಂದ್ಯಾ?"

"ಬಂದೇನ್ರಿ."

"ತಪ್ಪ ಒಪಗೊಂಡ್ಯಾ?"

"ಗುಡ್ಡದ ಅವ್ವನ ಮುಂದ ಏನ ಹೇಳಬೇಕೋ ಹೇಳೇನ್ರಿ."

"ಮತ್ತ ನಮ್ಮ ಮುಂದ?"

"ನಿಮಗ ಹೇಳಂತ ಅಕಿ ಅಂದ್ರ ಹೇಳತೇನ್ರಿ. ಇನ್ನೂ ಅಂದಿಲ್ಲ."

ಅವನು ಎಲೆಯಡಿಕೆ ಉಗುಳಿ ಹೋದ.

ಆಮೇಲೆ ಚಳಿ ಬಿತ್ತು. ಬಯಲು ಸೀಮೆಯ ಚಳಿ, ಗಾಳಿಯ ಜೊತೆ ಬರುವಂಥದ್ದು. ಆಗಲೇ ಓಣಿಗೆ ತನ್ನ ತಪ್ಪು ಅರಿವಾದದ್ದು. ಹೊದಿಕೆಗಳೆಲ್ಲ ಎಲ್ಲಿವೆ? ಅವಳ ಪಡಸಾಲೆಯಲ್ಲಿ. ಹೊಸದಾಗಿ ಹೊಲಿಯಲು ಕೊಟ್ಟವು ಮಾತ್ರವಲ್ಲ, ಹರಿದ ಹಳೆಯ ಕೌದಿಗಳನ್ನೂ ಬಿಚ್ಚಿ ಮತ್ತೆ ಹೊಲಿಯಲು ಅಲ್ಲಿಗೇ ಕೊಟ್ಟಿದ್ದರು. ಅವಳ ಕೈಯಿಂದ ಏನೂ ಇಸಿದುಕೊಳ್ಳಬಾರದೆಂದು ತಾವೇ ಹಾಕಿದ ಕಟ್ಟು. ಶಿಕ್ಷೆ ವಿಧಿಸುವಾಗ ಒಬ್ಬ ಗಂಡಸಿಗೂ ಈ ಯೋಚನೆ ಬಂದಿರಲಿಲ್ಲ. ಬಂದರೆ ಹೆಂಗಸರಿಗೆ ಬರಬೇಕು. ಅವರನ್ನು ಯಾರೂ ಕೇಳಿರಲಿಲ್ಲ.

ಅವಳು ಮಾತ್ರ ಹೊಲಿಯುತ್ತಲೇ ಇದ್ದಳು. ಯಾರೂ ಕೇಳದಿದ್ದರೂ, ಯಾರೂ ತೆಗೆದುಕೊಂಡು ಹೋಗುವಂತಿಲ್ಲದಿದ್ದರೂ. ಕಾಲಿನ ಮೇಲೆ ಕೂಸು, ಕೂಸಿನ ಮೇಲೆ ಯಾರದೋ ಕೌದಿಯ ಅಂಚು. ದಲಾಲಿಯ ಮನೆಯಿಂದ ಪ್ರತಿ ಬೆಳಿಗ್ಗೆ ಆಯಿಯ ದನಿ ಕೇಳುತ್ತಿತ್ತು.

"ಥಂಡಿಗೆ ಎಲುವು ನಡಗಾಕ ಹತ್ಯಾವ. ನಿಮ್ಮ ದೈವ ಬಂದು ನನಗ ಹೊಚ್ಚತೈತೇನೋ?"

"ಹೊಸಾ ಕಂಬಳಿ ತರಸ್ತೇನಿ ಬಿಡ ಯವ್ವಾ."

"ಕಂಬಳ್ಯಾಗ ನಿಮ್ಮಪ್ಪನ ಧೋತರ ಐತೇನು?"

ಒಂದು ಮುಂಜಾನೆ ನಾನು ಹಲ್ಲುಜ್ಜಲು ಹೊರಗೆ ಬಂದಾಗ ಅವಳ ಮನೆಯ ಮುಂದಿನ ಕಟ್ಟೆಯ ಮೇಲೆ ಕೌದಿಗಳೆಲ್ಲ ಬಿಸಿಲಿಗೆ ಹರಡಿದ್ದವು. ಬಾಗಿಲಿನ ಎರಡೂ ಬದಿಗೆ, ಗೋಡೆಯ ಮೇಲೆ, ಮೆಟ್ಟಿಲ ಮೇಲೆ. ಅವಳು ಕೂಸನ್ನು ಎದೆಗೆ ಕಟ್ಟಿಕೊಂಡು ಕಟ್ಟೆಯ ಮೇಲೆ ನಿಂತು ಒಂದೊಂದನ್ನೇ ಜಾಡಿಸುತ್ತಿದ್ದಳು. ಎದುರಿಗೆ ಓಣಿಯ ಮಂದಿ ನಿಂತಿದ್ದರು. ಬಹುಶಃ ನನಗೆ ನೆನಪಿರುವ ಕಟ್ಟೆ ಇದೇ. ದೈವದ ಕಟ್ಟೆಯಲ್ಲ, ಅವಳದೇ ಕಟ್ಟೆ. ಹಾಗಿದ್ದರೆ ಅವಳನ್ನು ಅಲ್ಲಿ ಯಾರೂ ನಿಲ್ಲಿಸಿರಲಿಲ್ಲ, ತಾನೇ ನಿಂತಿದ್ದಳು. ಇಷ್ಟು ದೊಡ್ಡ ವ್ಯತ್ಯಾಸವನ್ನು ನಾನು ಹೇಗೆ ಮರೆತೆ?

ಜನ ದೂರದಿಂದಲೇ ತಮ್ಮ ತಮ್ಮ ಬಟ್ಟೆಗಳನ್ನು ಗುರುತಿಸತೊಡಗಿದರು. "ಅದ ನೋಡ, ನಮ್ಮತ್ತಿ ಸೀರಿ." "ಏ, ಆ ಹಸರ ತುಂಡ ನನ್ನ ಕುಬಸದ್ದು." ಯಾರೂ ಮುಂದೆ ಹೋಗಲಿಲ್ಲ. ಕೋಲೂರಿಕೊಂಡು ಆಯಿ ಮಾತ್ರ ಬಂದಳು. ತನ್ನ ಕೌದಿಯ ಅಂಚು ಹಿಡಿದು ನೋಡಿದಳು. ಒಂದು ಮೂಲೆಯಲ್ಲಿ ಸೂಜಿ ಚುಚ್ಚಿದಂತೆಯೇ ಇತ್ತು, ದಾರ ಜೋತುಬಿದ್ದಿತ್ತು.

"ಇದೇನ ಹುಡಗಿ, ಮೂಲಿ ಬಿಟ್ಟೀದಿ?"

"ಹೌದ್ರಿ ಆಯಿ."

"ಎಲ್ಲಾವೂ ಹಿಂಗ ಬಿಟ್ಟೀಯೇನು?"

"ಎಲ್ಲಾ ಬಿಟ್ಟೇನ್ರಿ. ಹೊಟ್ಟಿ ತುಂಬಿಲ್ಲಲ್ರಿ ಇನ್ನ. ಅವರವರ ಮನಿ ಹೆಣ್ಣಮಕ್ಕಳು ತುಂಬಬೇಕು. ನಾ ಹೆಂಗ ತುಂಬಲಿ?"

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಹಾಗೆಯೇ ಮುಚ್ಚುವುದಿಲ್ಲ. ಅದರೊಳಗೆ ಒಂದು ಚೂರು ರೊಟ್ಟಿ, ನಾಲ್ಕು ಕಾಳು ಜೋಳ ಇಟ್ಟು ಹೊಲಿಯಬೇಕು. ಕೌದಿಯೂ ಉಣ್ಣಬೇಕು, ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎನ್ನುತ್ತಾರೆ. ಉಣಿಸುವ ಕೈ ಆ ಮನೆಯ ಹೆಣ್ಣಿನದೇ ಆಗಬೇಕು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಇರುವೆಗೆ ಊಟ ಅಷ್ಟೇ ಎಂದು ಅವ್ವನಿಗೆ ತಮಾಷೆ ಮಾಡುತ್ತಿದ್ದೆ.

"ತಾ ಹಂಗಾರ, ಮನಿಗೊಯ್ದು ತುಂಬತೇವಿ," ಎಂದಳು ಆಯಿ.

"ಹಚ್ಚಿದ ಸೂಜಿ ಇನ್ನೊಬ್ಬರ ಹೊಸ್ತಲಾ ದಾಟಬಾರದಂತ ನನಗ ಕಲಿಸಿದಾವರು ಯಾರ್ರಿ ಆಯಿ? ನೀವ ಅಲ್ಲೇನ್ರಿ?"

ಆಯಿ ಜೋತುಬಿದ್ದ ದಾರವನ್ನು ಬೆರಳಿಗೆ ಸುತ್ತಿ ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಭಾಳ ಶಾಣ್ಯಾಕಿ ಅದೀ."

"ಶಾಣ್ಯಾತನ ಎಲ್ಲೀದ್ರಿ. ಪದ್ಧತಿ."

ಇದು ಮೊದಲೇ ಯೋಚಿಸಿ ಮಾಡಿದ್ದೋ, ನಿಜವಾಗಿಯೂ ಪದ್ಧತಿಗೆ ಅಂಜಿ ಬಿಟ್ಟದ್ದೋ, ನನಗೆ ಗೊತ್ತಿಲ್ಲ. ಬಲ ಎಂದರೆ ಎದೆಯುಬ್ಬಿಸಿ ಒಂಟಿಯಾಗಿ ನಿಲ್ಲುವುದು ಎಂದು ನಾನು ಆ ವಾರವೇ ಪಾಠ ಹೇಳಿದ್ದೆ. ಇವಳು ಬಾಗಿಲಲ್ಲಿ ಸೂಜಿ ಚುಚ್ಚಿಟ್ಟು, ಮೂಲೆ ತುಂಬಲು ಓಣಿಯ ಹೆಂಗಸರು ತನ್ನ ಮನೆಗೇ ಬರಲಿ ಎಂದು ಕಾದಳು. ಇದಕ್ಕೆ ಬಲ ಎನ್ನಬೇಕೋ ಏನೆನ್ನಬೇಕೋ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ.

ಮರುದಿನವೋ ಅದರ ಮರುದಿನವೋ, ನಮ್ಮ ಅವ್ವ ಹೇಳದೆ ಕೇಳದೆ ಕಿತ್ತೂರಿನ ಬಸ್ಸಿಗೆ ಬಂದಿಳಿದಳು. ಚಹಾದಂಗಡಿಯ ಮಾತು ಹಳ್ಳಿಗೆ ಮುಟ್ಟಿತ್ತು. ಗಂಟು ಕೆಳಗಿಡುವ ಮೊದಲೇ ಕೇಳಿದಳು.

"ಹೌದೇನು?"

"ಏನವ್ವಾ?"

"ಏನಂತ ನನ್ನ ಬಾಯಲೆ ಹೇಳಸಬ್ಯಾಡ. ಹೌದೋ, ಅಲ್ಲೋ?"

"ಅಲ್ಲವ್ವಾ."

ಅವಳು ನನ್ನ ಮುಖ ನೋಡಿದಳು. ನಂಬಿದಳೋ ಇಲ್ಲವೋ ಆ ನೋಟದಲ್ಲಿ ನನಗೆ ತಿಳಿಯಲಿಲ್ಲ. "ರೊಟ್ಟಿ ತಂದೇನಿ, ಉಂಡು ಕಾಲೇಜಿಗೆ ಹೋಗು," ಎಂದಳು ಅಷ್ಟೇ.

ಸಂಜೆ ಮರಳುವಾಗ ಓಣಿಯ ತಿರುವಿನಲ್ಲಿ ಹೆಂಗಸರ ಹಾಡು ಕೇಳಿದಂತಾಯಿತು. ತೊಟ್ಟಿಲ ಹಾಡು. ನಾನು ಮನೆ ಮುಟ್ಟುವ ಹೊತ್ತಿಗೆ ನಿಂತಿತ್ತು. ಅವ್ವ ಸ್ಟೋವಿನ ಮೇಲೆ ಚಹಾ ಕುದಿಸುತ್ತಿದ್ದಳು. ಮಂಚದ ಮೇಲೆ ನನ್ನ ಕೌದಿ ಮಡಿಚಿಟ್ಟಿತ್ತು, ಮೂಲೆ ಮುಚ್ಚಿತ್ತು.

"ಇದನ್ಯಾರ ತಂದ್ರವ್ವಾ?"

"ಅಕಿನ ತಂದು ಕೊಟ್ಟು ಹೋದ್ಲು. ಸಕ್ರಿ ಎಲ್ಲಿಟ್ಟೀ?"

ಅಷ್ಟರಲ್ಲಿ ದಲಾಲಿಯ ಮನೆಯಲ್ಲಿ ಜಗಳ ಶುರುವಾಯಿತು. ಓಣಿಗೆಲ್ಲ ಕೇಳಿದ ಜಗಳ. ಇದರಲ್ಲಿ ನನ್ನ ಗೆಳೆಯನಿಗೂ ತಕರಾರಿಲ್ಲ.

"ದೈವ ಹಾಕಿದ ಕಟ್ಟ ನನ್ನ ಮನೀಯಾವರ ಮುರದ್ರ ನಾ ನಾಳೆ ಮಂದಿಗೆ ಹೆಂಗ ಮಾರಿ ತೋರಸಲಿ ಯವ್ವಾ?"

"ಏನ ಮುರದ್ವೋ? ಅಕಿ ಮನಿ ನೀರ ಕುಡೀಬ್ಯಾಡ್ರಿ ಅಂದ್ರಿ, ಕುಡದಿಲ್ಲ. ಅಕಿ ಕೈಯಾಗಿಂದು ಇಸಗೋಬ್ಯಾಡ್ರಿ ಅಂದ್ರಿ, ಇಸಗೊಂಡಿಲ್ಲ. ನನ್ನ ಕೌದಿ ನಾ ಎತಗೊಂಡು ಬಂದೇನಿ."

"ಮತ್ತ ತೊಟ್ಲಾ?"

"ಕೌದಿಗೆ ಉಣಸಾಕ ಕುಂತಿದ್ವಿ. ಕೂಸ ಅಳಾಕ ಹತ್ತಿತು. ತೂಗಿದ್ವಿ. ತೂಗೂಮುಂದ ಏನರ ಅಂತ ಕರೀಬೇಕಲ್ಲ?"

ಮಗ ಎದ್ದು ಒಳಗೆ ಹೋದ. ಓಣಿಯ ಯಾವುದೋ ಕತ್ತಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೈವ ಮತ್ತೆ ಸೇರಲಿಲ್ಲ. ಕಟ್ಟು ತೆಗೆದೆವೆಂದು ಯಾರೂ ಸಾರಲಿಲ್ಲ; ಆದರೆ ಸಂಕ್ರಾಂತಿಯ ಹೊತ್ತಿಗೆ ಅವಳ ಪಡಸಾಲೆಯಲ್ಲಿ ಮತ್ತೆ ಹೆಂಗಸರು ಕೂರುತ್ತಿದ್ದರು. ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಕೂಸಿಗೆ ಏನೆಂದು ಕರೆದರೆಂಬುದು ನನಗೆ ಗೊತ್ತು. ಅಷ್ಟು ಕಷ್ಟದಿಂದ ಸಿಕ್ಕ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಮುತ್ತೈದೆಯರು ಐದು ಮಂದಿ ಬೇಕು. ಆಯಿ ವಿಧವೆ, ಅವಳು ಲೆಕ್ಕಕ್ಕಿಲ್ಲ. ಅವಳ ಇಬ್ಬರು ಸೊಸೆಯರು ಹೋಗಿದ್ದರು. ಹೂ ಮಾರುವವಳು ಹೋಗಿದ್ದಳು. ಮೂಲೆಮನೆಗೆ ಹೊಸದಾಗಿ ಬಂದ ಸೊಸೆ, ಅತ್ತೆಗೆ ಹೇಳದೆ ಹೋಗಿದ್ದಳು. ಐದನೆಯವಳು ಯಾರು? ಎಷ್ಟೋ ವರ್ಷದ ಮೇಲೆ ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ ಹೂ ಮಾರುವವಳು ಸಿಕ್ಕಾಗ ಕೇಳಿದೆ.

"ಐದ ಮಂದಿ ಇದ್ವಿರಿ ಸರ. ಐದನೇದಾಕಿ ಹೊರಗಿ‍ನಾಕಿ. ಸೆರಗ ಮಾರಿ ಮ್ಯಾಲೆ ಎಳಕೊಂಡಿದ್ಲು. ಆಯಿ ಯಾರನ್ನೂ ಕೇಳಗೊಡಲಿಲ್ಲ."

ಆ ದಿನ ಓಣಿಗೆ ಹೊರಗಿನಿಂದ ಬಂದ ಮುತ್ತೈದೆ ನನಗೆ ಗೊತ್ತಿದ್ದಂತೆ ಒಬ್ಬಳೇ, ನಮ್ಮ ಅವ್ವ; ಅಪ್ಪ ಆಗ ಇನ್ನೂ ಇದ್ದ. ಹಳ್ಳಿಗೆ ಹೋಗಿ ಅವ್ವನನ್ನು ಕೇಳಿದೆ. ಅವಳಿಗೆ ಆಗ ಬಹಳ ವಯಸ್ಸಾಗಿತ್ತು, ಆದರೆ ಮಾತು ಮಂದವಾಗಿರಲಿಲ್ಲ.

"ಬಂದಿದ್ದೆ, ಹೋಗಿದ್ದೆ. ನಿನ್ನ ಖೋಲಿ ಬಿಟ್ಟು ಎಲ್ಲೂ ಕಾಲಿಟ್ಟಿಲ್ಲ. ನೀ ಏನೇನೋ ಕತಿ ಕಟ್ಟಬ್ಯಾಡ."

ಅವಳ ನಿರಾಕರಣೆಗೆ ಅರ್ಥವಿತ್ತು. ಓಣಿ ಅನುಮಾನಿಸುತ್ತಿದ್ದ ಗಂಡಸಿನ ತಾಯಿಯೇ ಬಂದು ಕೂಸಿನ ತೊಟ್ಟಿಲು ತೂಗಿದಳು ಎಂದರೆ ಜನ ಏನೆನ್ನುತ್ತಿದ್ದರು? ಮೊಮ್ಮಗಳಿಗೆ ಹೆಸರಿಟ್ಟಳು ಎನ್ನುತ್ತಿದ್ದರು. ನನ್ನ ಮದುವೆಯ ಮಾತು ಆಗ ನಡೆದಿತ್ತು. ಹಾಗಿದ್ದೂ ಅವಳು ಹೋಗಿದ್ದರೆ, ನನ್ನ ಮಾತು ನಂಬಿ ಯಾರದೋ ಕೂಸಿಗೆಂದು ಹೋದಳೋ, ನಂಬದೆ ತನ್ನ ಕೂಸಿಗೆಂದೇ ಹೋದಳೋ? ಅಥವಾ ಹೋಗಿಯೇ ಇಲ್ಲವೋ. ಐದನೆಯವಳ ಮುಖ ಕಾಣದ ಕಾರಣ ನಾನೇ ಅಲ್ಲಿ ಅವ್ವನ ಮುಖ ಇಟ್ಟೆನೋ? ತರಗತಿಯ ಆ ಹುಡುಗಿಯ ಪ್ರಶ್ನೆಗೆ ಉತ್ತರ ಬೇಕಾಗಿತ್ತು ನನಗೆ. ಬೇಕಾದದ್ದನ್ನೇ ನೆನಪು ತಂದು ಮುಂದಿಡುತ್ತದೆ ಎಂದು ನಾನೇ ಎಷ್ಟೋ ಮಂದಿಗೆ ಹೇಳಿದ್ದೇನೆ.

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕು ಸವದತ್ತಿಯಲ್ಲಿರುವ ತಂಗಿಯ ಮನೆಗೆ ಹೋಯಿತು. ಆ ಕೌದಿಯೂ ಅದರಲ್ಲಿತ್ತು. ನನ್ನ ಮದುವೆಯಾದ ಮೇಲೆ ಅವ್ವನೇ ಅದನ್ನು ನನ್ನಿಂದ ಹಳ್ಳಿಗೆ ಒಯ್ದಿದ್ದಳು. ಹೋದ ವರ್ಷ ತಂಗಿಯ ಮನೆಗೆ ಹೋದಾಗ ಅದನ್ನು ತೆಗೆಸಿ, ಅಂಗಳದ ಬಿಸಿಲಿಗೆ ಹಾಸಿ, ಇಬ್ಬರೂ ಚಾಳೀಸು ಹಾಕಿಕೊಂಡು ಕೂತೆವು. ಅಂಚು ಸುತ್ತ ದಪ್ಪ ಮಗ್ಗದ ದಾರ, ಬಣ್ಣ ಮಾಸಿದ್ದರೂ ಕೆಂಪು. ಮೂರು ಮೂಲೆಗಳಲ್ಲಿ ಹೊಲಿಗೆ ಒಂದೇ ಕಡೆಗೆ ಓರೆಯಾಗಿದೆ. ನಾಲ್ಕನೆಯ ಮೂಲೆಯಲ್ಲಿ, ಅದೇ ಕೆಂಪು ದಾರದಲ್ಲಿ, ಹೊಲಿಗೆ ಉಲ್ಟಾ ಓರೆಯಾಗಿದೆ.